ಮೈಸೂರಿನ ಒಬ್ಬ ಜಾಝ್ ಡ್ರಮ್ಮರ್‌ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ, ಪ್ರೋಗ್ರಾಂ ಮುಗಿದ ಮೇಲೆ ಸ್ಟೇಜ್ ಪಕ್ಕದಲ್ಲಿ, ಮಗುವನ್ನು ಕ್ಲಾಸಿಗೆ ಬಿಡಲು ಬಂದಾಗ ಗೇಟಿನ ಹತ್ತಿರ, ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಅದೇ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತದೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ. ಬೇಕಿದ್ದವರು ಓದಿ, ಬೇಡದವರು ಕೆಳಗೆ ಹೋಗಿ.

ಜಾಝ್ ಡ್ರಮ್ಮರ್ ಅಂತೀರಲ್ಲ, ಮೈಸೂರಿನಲ್ಲಿ ಜಾಝ್ ಯಾರು ಕೇಳ್ತಾರೆ ಸಾರ್?

ಬಹಳ ಜನ ಕೇಳುವುದಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬರೀ ಜಾಝ್ ನುಡಿಸಿ ನಾನು ಒಂದು ತಿಂಗಳೂ ಮನೆ ಬಾಡಿಗೆ ಕಟ್ಟಿಲ್ಲ. ನಾನು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ನುಡಿಸಿದ್ದೇನೆ, ಚರ್ಚಿನ ಕ್ರಿಸ್‌ಮಸ್ ಕಾಯಿರ್‌ಗೆ ನುಡಿಸಿದ್ದೇನೆ, ಆರತಕ್ಷತೆಯಲ್ಲಿ, ಹೋಟೆಲಿನ ಡಿನ್ನರ್‌ನಲ್ಲಿ, ನಾಟಕಕ್ಕೆ, ಸ್ಕೂಲ್ ಡೇಗೆ, ಸ್ಟುಡಿಯೋದಲ್ಲಿ ಭಾವಗೀತೆಗೂ ನುಡಿಸಿದ್ದೇನೆ. ಉಳಿದ ಹೊತ್ತು ಪಾಠ. ಆದರೂ ಜಾಝ್ ಡ್ರಮ್ಮರ್ ಅಂತ ಯಾಕೆ ಹೇಳಿಕೊಳ್ಳುತ್ತೇನೆ ಅಂದರೆ, ಇಷ್ಟೆಲ್ಲ ಕಡೆ ನನ್ನನ್ನು ಮತ್ತೆ ಕರೆಯುವ ಹಾಗೆ ಮಾಡಿದ್ದು ಜಾಝ್ ಕಲಿಸಿದ ಒಂದು ಅಭ್ಯಾಸ. ಅದು ಕಿವಿ ಕೊಡುವ ಅಭ್ಯಾಸ. ಅದರ ಮಾತು ಮುಂದೆ ಬರುತ್ತದೆ.

ಮಂಡ್ಯದ ಹುಡುಗನಿಗೆ ಜಾಝ್ ಎಲ್ಲಿ ಸಿಕ್ಕಿತು?

ಮೊದಲು ಸಿಕ್ಕಿದ್ದು ತಮಟೆ. ನಮ್ಮೂರ ಹಬ್ಬದಲ್ಲಿ ಪೂಜಾ ಕುಣಿತದವರು ಬರುತ್ತಿದ್ದರು. ದೇವರ ಪೂಜೆಯನ್ನು ತಲೆಯ ಮೇಲೆ ಹೊತ್ತವನು ಕುಣಿಯುತ್ತಿದ್ದರೆ ಎಲ್ಲರ ಕಣ್ಣೂ ಅವನ ಮೇಲೆ. ನನ್ನ ಕಣ್ಣು ಮಾತ್ರ ತಮಟೆಯವರ ಮೇಲೆ. ಅವರು ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಇನ್ನೊಂದು ಸಲ ಕಾಯಿಸುತ್ತಿದ್ದರು. ಆಮೇಲೆ ಶುರು. ಒಂದು ಮಾತು ಆಗ ತಲೆಯಲ್ಲಿ ಕೂತಿತು. ತಮಟೆಯವನು ತನ್ನ ಕೈ ನೋಡಿಕೊಳ್ಳುತ್ತಿರಲಿಲ್ಲ. ಅವನು ಕುಣಿಯುವವನ ಕಾಲು ನೋಡುತ್ತಿದ್ದ. ಕಾಲು ನಿಧಾನ ಆದರೆ ಇವನೂ ನಿಧಾನ. ಕುಣಿಯುವವನಿಗೆ ಉಸಿರು ಸಿಗಲಿ ಅಂತ ಇವನು ನಾಲ್ಕು ಪೆಟ್ಟು ಹಗುರ ಮಾಡುತ್ತಿದ್ದ.

ಆಮೇಲೆ ಸ್ಕೂಲಿನ ಬ್ಯಾಂಡ್. ಸ್ವಾತಂತ್ರ್ಯ ದಿನದ ಪರೇಡಿಗೆ ಸೈಡ್ ಡ್ರಮ್ ಹೊಡೆಯಲು ನನ್ನನ್ನು ಆರಿಸಿದರು. ಎತ್ತರ ಇದ್ದೆ ಅನ್ನುವುದೇ ಕಾರಣ, ಪ್ರತಿಭೆ ಅಲ್ಲ. ಪಿಯುಸಿಗೆ ಬರುವ ಹೊತ್ತಿಗೆ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ ಸೆಟ್ ಹೊತ್ತು ಹಾಕುವ ಕೆಲಸ. ಒಂದು ರಾತ್ರಿ ಮಳವಳ್ಳಿ ಕಡೆ ರಸಮಂಜರಿ ಕಾರ್ಯಕ್ರಮ. ಡ್ರಮ್ಸ್ ನುಡಿಸುವವರಿಗೆ ಜ್ವರ. ಬೇರೆ ದಾರಿ ಇಲ್ಲದೆ ನನ್ನನ್ನು ಕೂರಿಸಿದರು. ಎರಡನೇ ಹಾಡಿಗೆ ಬೇಸ್ ಡ್ರಮ್ ಮುಂದೆ ಜಾರಿ ಜಾರಿ ಕೀಬೋರ್ಡಿನವರ ಕಾಲ ಹತ್ತಿರ ಹೋಗಿತ್ತು. ಯಾರೋ ಒಂದು ಸೈಜುಗಲ್ಲು ತಂದು ಅಡ್ಡ ಇಟ್ಟರು. ಆ ಕಲ್ಲು ಇಟ್ಟುಕೊಂಡೇ ನನ್ನ ವೃತ್ತಿ ಶುರುವಾಯಿತು. ಸಂಬಳ 60 ರೂಪಾಯಿ, ಜೊತೆಗೆ ಚಿತ್ರಾನ್ನ.

ಜಾಝ್ ಬಂದದ್ದು ಕ್ಯಾಸೆಟ್ಟಿನಲ್ಲಿ. ಬೆಂಗಳೂರಿನಲ್ಲಿ ನನಗೆ ಪಾಠ ಹೇಳಿದ ಹಿರಿಯರೊಬ್ಬರು, ಹಳೇ ಹೋಟೆಲ್ ಬ್ಯಾಂಡಿನವರು, ಒಂದು ಕ್ಯಾಸೆಟ್ ಕೊಟ್ಟು ಹೇಳಿದರು: 'ಡ್ರಮ್ಸ್ ಕೇಳಬೇಡ. ಬೇಸ್ ಕೇಳು. ಒಂದು ವಾರ ಆದ ಮೇಲೆ ಬಾ.' ಬೇಸ್ ಅಂದರೆ ಬೇಸ್ ಡ್ರಮ್ ಅಲ್ಲ, ಮಂದ್ರದಲ್ಲಿ ನುಡಿಯುವ ದೊಡ್ಡ ತಂತಿವಾದ್ಯ. ಮಂಡ್ಯಕ್ಕೆ ಬರುವ ಪ್ಯಾಸೆಂಜರ್ ರೈಲಿನಲ್ಲಿ ವಾಕ್‌ಮನ್ ಹಾಕಿಕೊಂಡು ಕೇಳಿದೆ. ಒಂದಕ್ಷರ ಅರ್ಥ ಆಗಲಿಲ್ಲ. ಮೂರನೇ ದಿನ, ರಾಮನಗರ ದಾಟುವಾಗ, ಬೇಸ್ ನಡೆಯುತ್ತಿದೆ ಅನ್ನಿಸಿತು. ನಿಜವಾಗಿ ಮನುಷ್ಯ ನಡೆದ ಹಾಗೆ. ಅದರ ಪಕ್ಕದಲ್ಲಿ ಸಿಂಬಲ್ಲು, ಅಂದರೆ ಡ್ರಮ್ ಸೆಟ್ಟಿನ ಕಂಚಿನ ತಟ್ಟೆ, ಸ್ನೇಹಿತನ ಹಾಗೆ ಮಾತಾಡುತ್ತಾ ನಡೆಯುತ್ತಿತ್ತು. ನನಗೆ ನಮ್ಮೂರ ತಮಟೆಯವನು ನೆನಪಾದ.

ಜಾಝ್‌ನಲ್ಲಿ ಡ್ರಮ್ಮರ್ ಮಾಡುವುದಾದರೂ ಏನು? ಸುಮ್ನೆ ಟಿಂಗ್ ಟಿಂಗ್ ಅನ್ನೋ ಹಾಗೆ ಕೇಳುತ್ತೆ.

ಆ ಟಿಂಗ್ ಟಿಂಗ್‌ನಲ್ಲೇ ಎಲ್ಲ ಇರುವುದು. ಸಿನಿಮಾ ಹಾಡಿನಲ್ಲಿ ಬೀಟ್ ಸಾಮಾನ್ಯವಾಗಿ ಕೆಳಗೆ ಇರುತ್ತದೆ. ಕಾಲಲ್ಲಿ ಹೊಡೆಯುವ ಬೇಸ್ ಡ್ರಮ್ಮಿನ ಕಿಕ್ಕು, ಎಡಗೈಯ ಸ್ನೇರು ಅನ್ನುವ ಚಿಕ್ಕ ಡ್ರಮ್ಮು. ಜಾಝ್‌ನಲ್ಲಿ ಲಯ ಹಿಡಿಯುವುದು ಬಲಗೈಯಲ್ಲಿ ನುಡಿಸುವ ದೊಡ್ಡ ಸಿಂಬಲ್, ಅದಕ್ಕೆ ರೈಡ್ ಸಿಂಬಲ್ ಅಂತ ಹೆಸರು. ಅದರ ಸೊಲ್ಲು ಹೀಗೆ: ಟಿಂಗ್, ಟಿಂಗ್-ಗ, ಟಿಂಗ್, ಟಿಂಗ್-ಗ. ಎಡಗಾಲು ಹೈ-ಹ್ಯಾಟನ್ನು, ಅಂದರೆ ಪೆಡಲ್ ತುಳಿದರೆ ಒಂದರ ಮೇಲೊಂದು ಬೀಳುವ ಜೋಡಿ ಸಿಂಬಲ್ಲನ್ನು, 2 ಮತ್ತು 4ನೇ ಎಣಿಕೆಗೆ ಮುಚ್ಚುತ್ತದೆ. ನಾವು ತಾಳ ಹಾಕುವಾಗ ಸಹಜವಾಗಿ 1ಕ್ಕೆ ಚಪ್ಪಾಳೆ ತಟ್ಟುತ್ತೇವೆ. ಜಾಝ್ ಕೇಳುವಾಗ 2ಕ್ಕೆ ತಟ್ಟಿ ನೋಡಿ. ಮೊದಮೊದಲು ಚಪ್ಪಲಿ ಅದಲುಬದಲು ಹಾಕಿಕೊಂಡ ಹಾಗೆ ಅನ್ನಿಸುತ್ತದೆ. ಆಮೇಲೆ ಬಿಡುವುದಕ್ಕೆ ಆಗುವುದಿಲ್ಲ.

ಆ 'ಟಿಂಗ್-ಗ' ಇದೆಯಲ್ಲ, ಅದಕ್ಕೆ ಸ್ವಿಂಗ್ ಅಂತ ಹೆಸರು. ಒಂದು ಎಣಿಕೆಯನ್ನು ಮೂರಾಗಿ ಒಡೆದು ನಡುವಿನದನ್ನು ನುಂಗಿಬಿಡುವುದು. ಬಾಯಲ್ಲಿ 'ತ ಕಿ ಟ' ಅನ್ನಿ. ಈಗ 'ಕಿ'ಯನ್ನು ಮನಸ್ಸಿನಲ್ಲಿ ಮಾತ್ರ ಹೇಳಿ. ಉಳಿದದ್ದೇ ಸ್ವಿಂಗ್. ಇದು ಕಾಗದದ ಲೆಕ್ಕ. ವೇಗ ಜಾಸ್ತಿ ಆದಂತೆ ಆ ಮೂರರ ಲೆಕ್ಕ ಕರಗಿ ಎರಡರ ಹತ್ತಿರ ಬರುತ್ತದೆ. ಎಷ್ಟು ಕರಗಬೇಕು ಅನ್ನುವುದನ್ನು ಯಾರೂ ಬರೆದುಕೊಡಲು ಆಗುವುದಿಲ್ಲ.

ಇನ್ನು ಎಡಗೈ ಮತ್ತು ಬಲಗಾಲು. ಇವಕ್ಕೆ ಕಟ್ಟುಪಾಡಿಲ್ಲ. ಸ್ಯಾಕ್ಸೊಫೋನಿನವರು ಒಂದು ಮಾತು ಹೇಳಿದರೆ ಇವು ಹೂಂಗುಟ್ಟುತ್ತವೆ, ಕೆಲವು ಸಲ ಕೆಣಕುತ್ತವೆ. ನಮ್ಮ ಕಛೇರಿಯ ಪಕ್ಕವಾದ್ಯದವರು ಮಾಡುವುದೂ ಇದೇ ಅಲ್ವಾ? ಹಾಡುಗಾರರ ಸಂಗತಿಗೆ ಮೃದಂಗದವರು ಒಂದು ಅರುದಿ, ಅಂದರೆ ಮುಕ್ತಾಯದ ಸೊಲ್ಲು, ಹಾಕಿ ಕೂರಿಸುತ್ತಾರಲ್ಲ, ಅದೇ ಕೆಲಸ.

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಹಿಂದೆ ಲಯವೆಲ್ಲ ಬೇಸ್ ಡ್ರಮ್ಮಿನಲ್ಲೇ ಇತ್ತು. ನಾಲ್ಕೂ ಎಣಿಕೆಗೆ ಕಾಲು ಹೊಡೆಯುತ್ತಿತ್ತು. ಅಮೆರಿಕದ ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ಡ್ರಮ್ಮರ್ ಜೋ ಜೋನ್ಸ್ ಅದನ್ನು ಹೈ-ಹ್ಯಾಟಿಗೆ ತಂದು ಹಗುರ ಮಾಡಿದರು. 1940ರ ಆಸುಪಾಸಿನಲ್ಲಿ ಕೆನ್ನಿ ಕ್ಲಾರ್ಕ್ ಅನ್ನುವ ಇನ್ನೊಬ್ಬ ಡ್ರಮ್ಮರ್ ರೈಡ್ ಸಿಂಬಲ್‌ಗೆ ಒಯ್ದರು. ಕಾಲಿಗೆ ಬಿಡುಗಡೆ ಸಿಕ್ಕಿತು. ಬೇಕಾದಾಗ ಮಾತ್ರ ಧಡ್ ಅಂತ ಒಂದು ಪೆಟ್ಟು. ಅದಕ್ಕೆ ಆಗಿನ ವಾದ್ಯದವರು 'ಬಾಂಬ್ ಹಾಕುವುದು' ಅನ್ನುತ್ತಿದ್ದರು. ಅದು ಯುದ್ಧದ ಕಾಲ, ಮಾತೂ ಹಾಗೇ.

ಡ್ರಮ್ಸ್ ಪೂರ್ತಿ ವಿದೇಶಿ ವಾದ್ಯ, ನಮಗ್ಯಾಕೆ ಅದು ಅಂತ ನಮ್ಮ ಮಾವ ಕೇಳ್ತಾರೆ. ಏನು ಹೇಳಲಿ?

ಮಾವನವರನ್ನು ವಿಜಯದಶಮಿ ಸಂಜೆ ಬನ್ನಿಮಂಟಪದ ಪಂಜಿನ ಕವಾಯತಿಗೆ ಕರೆದುಕೊಂಡು ಹೋಗಿ. ಅಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವಾಗ ಕೇಳುವ ಸೈಡ್ ಡ್ರಮ್, ಬೇಸ್ ಡ್ರಮ್, ತಾಳದಂಥ ದೊಡ್ಡ ಸಿಂಬಲ್ ಮೂರನ್ನೂ ಒಬ್ಬನೇ ಮನುಷ್ಯ ಕೂತು ನುಡಿಸಿದರೆ ಅದೇ ಡ್ರಮ್ ಸೆಟ್. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಆದದ್ದೂ ಅಷ್ಟೇ. ಮೆರವಣಿಗೆಯ ಬ್ಯಾಂಡು ಒಳಗೆ ಬಂದು ಕೂತಾಗ ಮೂವರ ಕೆಲಸ ಒಬ್ಬನ ಮೇಲೆ ಬಿತ್ತು. 1909ರಲ್ಲಿ ಲುಡ್ವಿಗ್ ಕಂಪನಿಯವರು ಚೆನ್ನಾಗಿ ಓಡುವ ಕಾಲಿನ ಪೆಡಲ್ ತಂದ ಮೇಲೆ ಅದು ಸಲೀಸಾಯಿತು. ಸ್ನೇರ್ ಯುರೋಪಿನ ಸೈನ್ಯದ್ದು, ಸಿಂಬಲ್ ತುರ್ಕಿಯದು, ಮೊದಲ ಕಾಲದ ಟಾಮ್ ಅನ್ನುವ ಡ್ರಮ್‌ಗಳು ಚೀನಾದವು, ನುಡಿಸಿದ ರೀತಿಗೆ ಆಫ್ರಿಕಾದ ಬೇರು. ಹೀಗೆ ನೋಡಿದರೆ ಅದು ಯಾರ ಸ್ವಂತದ್ದೂ ಅಲ್ಲ.

ಮೈಸೂರಿಗಂತೂ ಇದು ಹೊಸದೇ ಅಲ್ಲ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಓಟ್ಟೊ ಶ್ಮಿಟ್ ಅನ್ನುವ ಜರ್ಮನ್ ಮನುಷ್ಯ ಅರಮನೆಯ ಆರ್ಕೆಸ್ಟ್ರಾ ನಡೆಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲಿನ ಜೊತೆ ಸ್ಯಾಕ್ಸೊಫೋನನ್ನೂ ನುಡಿಸುತ್ತಿದ್ದರು. ಜಯಚಾಮರಾಜೇಂದ್ರ ಒಡೆಯರು ಒಂದು ಕೈಯಲ್ಲಿ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು, ಇನ್ನೊಂದು ಕೈಯಲ್ಲಿ ರಷ್ಯಾದ ಮೆಟ್ನರ್ ಅವರ ಪಿಯಾನೋ ಸಂಗೀತವನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೊವನ್ನು, ಅಂದರೆ ಪಿಯಾನೋ ಮತ್ತು ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿಯನ್ನು, ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. ಒಡೆಯರಿಗೆ ಇರದ ಮಡಿ ನಮಗ್ಯಾಕೆ?

ನನ್ನ ಮಗಳು ಮೂರು ವರ್ಷ ಮೃದಂಗ ಕಲಿತಿದ್ದಾಳೆ. ಅದು ಇಲ್ಲಿ ಉಪಯೋಗಕ್ಕೆ ಬರುತ್ತಾ, ತೊಂದರೆ ಕೊಡುತ್ತಾ?

ಎರಡೂ.

ಉಪಯೋಗ ಮೊದಲು. ಸೊಲ್ಲು ಬಲ್ಲ ಮಗುವಿಗೆ ಎಣಿಕೆ ಹೇಳಿಕೊಡುವ ಕಷ್ಟವೇ ಇಲ್ಲ. ಬೇರೆ ಮಕ್ಕಳಿಗೆ ಐದರ ಲೆಕ್ಕ ಕಲಿಸಲು ತಿಂಗಳು ಬೇಕು. ಖಂಡಚಾಪು ಗೊತ್ತಿದ್ದವರಿಗೆ ಐದು ನಿಮಿಷ. ಪಶ್ಚಿಮದ ಜಾಝ್‌ನವರು 1959ರಲ್ಲಿ ಅಮೆರಿಕದ ಪಿಯಾನೋ ವಾದಕ ಡೇವ್ ಬ್ರೂಬೆಕ್ ಬಳಗದ 'ಟೇಕ್ ಫೈವ್' ಬಂದಾಗ ಐದರ ಎಣಿಕೆ ಕೇಳಿ ಬೆರಗಾದರು. ಇಲ್ಲಿ ಅದು ದಿನನಿತ್ಯದ ಮಾತು. ವ್ಯತ್ಯಾಸ ಒಂದೇ. ನಮ್ಮ ಖಂಡಚಾಪು 'ತಕ ತಕಿಟ', 2 ಮತ್ತು 3. 'ಟೇಕ್ ಫೈವ್' 'ತಕಿಟ ತಕ', 3 ಮತ್ತು 2. ಅದೇ ತಂಡ ಹಿಂದಿನ ವರ್ಷ, 1958ರಲ್ಲಿ, ಭಾರತಕ್ಕೂ ಬಂದು ಹೋಗಿತ್ತು. ಆ ಹಾಡಿನಲ್ಲಿ ಡ್ರಮ್ಸ್ ನುಡಿಸಿದ ಜೋ ಮೊರೆಲ್ಲೊ ಅವರ ಸೋಲೋ ಕೇಳಿಸಿದರೆ ಮೃದಂಗ ಕಲಿತ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: 'ಯಾಕೆ ಸಾರ್ ಇಷ್ಟೊಂದು ಜಾಗ ಖಾಲಿ ಬಿಡ್ತಾರೆ?' ತೊಂದರೆ ಶುರುವಾಗುವುದು ಅಲ್ಲೇ.

ತನಿ ಆವರ್ತನದ, ಅಂದರೆ ಕಛೇರಿಯಲ್ಲಿ ಮೃದಂಗದವರು ಒಬ್ಬರೇ ನುಡಿಸುವ ಭಾಗದ, ಸೊಗಸು ಕಟ್ಟುವುದರಲ್ಲಿದೆ. ಮೋರಾ, ಕೋರ್ವೆ ಅನ್ನುವ ಲೆಕ್ಕದ ಮುಕ್ತಾಯಗಳು, ಕೊನೆಗೆ ಎಡುಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಸರಿಯಾಗಿ ಬಂದು ಇಳಿದಾಗ ಸಭೆಗೆ ರೋಮಾಂಚನ. ಆ ರುಚಿ ಹತ್ತಿದ ಕೈ ಎಲ್ಲ ಕಡೆ ತುಂಬಲು ನೋಡುತ್ತದೆ. ಜಾಝ್‌ನಲ್ಲಿ ಸೋಲೋ ಕೂಡ ಹಾಡಿನ ಆಕಾರ ಬಿಡುವುದಿಲ್ಲ. ಸಾಮಾನ್ಯವಾಗಿ ನಾಲ್ಕು ಎಣಿಕೆಯ ಒಂದು ಸುತ್ತಿಗೆ ಬಾರ್ ಅನ್ನುತ್ತೇವೆ. 12 ಬಾರಿನ ಬ್ಲೂಸ್ ಅನ್ನುವ ಬಗೆಯ ಹಾಡು ಆಗಿದ್ದರೆ ನಿಮ್ಮ ಸೋಲೋ ಒಳಗೂ ಆ 12 ಬಾರು ತಿರುಗುತ್ತಲೇ ಇರಬೇಕು. 32 ಬಾರಿನ ಹಾಡಾದರೆ ಅದರ ಪಲ್ಲವಿ ಒಳಗೇ ಕೇಳುತ್ತಿರಬೇಕು. ನಾಲ್ಕು ನಾಲ್ಕು ಬಾರು ಹಂಚಿಕೊಂಡು ನುಡಿಸುವ ಪದ್ಧತಿಯೂ ಇದೆ. ನಮ್ಮ ಮೃದಂಗ-ಘಟ ಸವಾಲ್ ಜವಾಬ್ ಇದ್ದ ಹಾಗೆ. ನಾನು ಮಕ್ಕಳಿಗೆ ಹೇಳುವುದು ಇಷ್ಟು: ನುಡಿಸುವಾಗ ಬಾಯಲ್ಲಿ ಹಾಡು ಗುನುಗಿ. ಗುನುಗು ನಿಂತರೆ ಕೈ ನಿಲ್ಲಿಸಿ.

ಈ ಎರಡು ಲೋಕ ಹೇಗೆ ಕೂಡಬಹುದು ಅಂತ ಕೇಳಬೇಕಿದ್ದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ 'ಜ್ಯೋತಿ' 1983ರಲ್ಲೇ ಬಂದಿದೆ. ನನ್ನ ಶಿಷ್ಯರಿಗೆ ಅದನ್ನು ಕತ್ತಲೆ ಕೋಣೆಯಲ್ಲಿ ಕೇಳಿಸುತ್ತೇನೆ. ಕರೆಂಟ್ ಹೋದರೆ ಇನ್ನೂ ಒಳ್ಳೆಯದು.

ಎಲ್ಲ ಬಗೆಯ ಸಂಗೀತಕ್ಕೂ ನುಡಿಸ್ತೀರಂತೆ. ಎಲ್ಲವೂ ಒಬ್ಬರಿಗೆ ಬರುತ್ತಾ?

ಎಲ್ಲವೂ ಬರುವುದಿಲ್ಲ. ಬರುವ ಹಾಗೆ ಕೂರುವುದನ್ನು ಕಲಿತಿದ್ದೇನೆ.

ಒಂದು ವಾರದ ಲೆಕ್ಕ ಕೊಡುತ್ತೇನೆ, ಡಿಸೆಂಬರ್ ತಿಂಗಳದ್ದು. ಸೋಮವಾರ ಕ್ಯಾರಲ್ಸ್ ರಿಹರ್ಸಲ್. ಅಲ್ಲಿ 40 ಜನ ಹಾಡುತ್ತಾರೆ, ಮೈಕ್ ನಾಲ್ಕೇ. ಸ್ಟಿಕ್ ತೆಗೆದರೆ ಹಾಡು ಮುಳುಗಿತು. ಅದಕ್ಕೆ ಬ್ರಷ್. ತಂತಿಯ ಪೊರಕೆಯಂಥ ಈ ಬ್ರಷ್ಷನ್ನು ಸ್ನೇರಿನ ಮೇಲೆ ಎಳೆದರೆ ಮೊರದಲ್ಲಿ ಅಕ್ಕಿ ಕೇರುವ ಸದ್ದು ಬರುತ್ತದೆ. ಬುಧವಾರ ಸ್ಟುಡಿಯೋ, ಭಾವಗೀತೆ. ಕಿವಿಯಲ್ಲಿ ವೇಗ ತಪ್ಪದ ಟಕ್ ಟಕ್, ಅಂದರೆ ಕ್ಲಿಕ್ ಟ್ರ್ಯಾಕ್, ಹೊಡೆದುಕೊಳ್ಳುತ್ತಿರುತ್ತದೆ, ಕವಿತೆಯ ಸಾಲು ಮಾತ್ರ ಉಸಿರಿಗೆ ತಕ್ಕಂತೆ ಎಳೆಯುತ್ತದೆ. ಅದರ ನಡುವೆ ನಾನು. ಶುಕ್ರವಾರ ಶ್ರೀರಂಗಪಟ್ಟಣದ ಹತ್ತಿರ ಆರತಕ್ಷತೆ. ಊಟದ ಹೊತ್ತಿಗೆ ಹಳೇ ಕನ್ನಡ ಹಾಡು. ರಾಜನ್-ನಾಗೇಂದ್ರ ನಮ್ಮ ಮೈಸೂರಿನವರೇ ಅಲ್ವಾ, ಅವರ ಹಾಡು ಬಂದರೆ ಚೆನ್ನಾಗಿ ನುಡಿಸದೆ ಎದ್ದು ಬರುವ ಹಾಗಿಲ್ಲ. ಊಟ ಆದ ಮೇಲೆ ಹುಡುಗರು ಕುಣಿಯಲು ನಿಂತರೆ ತಮಟೆ ಬೀಟ್. ಆಗ ಫ್ಲೋರ್ ಟಾಮ್, ಅಂದರೆ ನೆಲದ ಮೇಲೆ ನಿಲ್ಲುವ ದೊಡ್ಡ ಟಾಮ್, ಒಂದೇ ಸಾಕು, ಮಂಡ್ಯ ತಾನಾಗಿ ಕೈಗೆ ಬರುತ್ತದೆ. ಭಾನುವಾರ ಬೆಂಗಳೂರಿನಲ್ಲಿ ಮೂವರ ಜಾಝ್ ತಂಡ, ಪಿಯಾನೋ, ಬೇಸ್, ನಾನು. ಕೇಳುವವರು 25 ಜನ. ಅದರಲ್ಲಿ 6 ಜನ ಫೋನ್ ನೋಡುತ್ತಿದ್ದರು.

ಈ ನಾಲ್ಕೂ ಕಡೆ ಕೆಲಸ ಒಂದೇ. ಯಾರು ಮಾತಾಡುತ್ತಿದ್ದಾರೆ ಅಂತ ಗಮನಿಸುವುದು, ಅವರ ಮಾತು ಕೇಳುವ ಹಾಗೆ ಜಾಗ ಬಿಡುವುದು. ಬೀಟ್ ಬದಲಾದರೆ ಏನಾಯಿತು? ನಾನು ನೋಡಿದ ಹಾಗೆ, ಹತ್ತು ಶೈಲಿ ಕಲಿತೂ ಕೆಲಸ ಸಿಗದವರು ತುಂಬಾ ಜನ. ಕೈ ಅದ್ಭುತ, ಕಿವಿ ಮುಚ್ಚಿರುತ್ತದೆ.

ನಾನೂ ಅಂಥವನೇ ಆಗಿದ್ದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. 27ರ ವಯಸ್ಸಿನಲ್ಲಿ ಒಂದು ಸುಗಮ ಸಂಗೀತದ ಕಾರ್ಯಕ್ರಮದಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ರೋಲ್, ಅಂದರೆ ಬಿಡದೆ ಸುರಿಯುವ ಪೆಟ್ಟುಗಳು, ಹಾಕಿದೆ. ಹಾಡುತ್ತಿದ್ದ ಹಿರಿಯರು ಮೂರನೇ ಹಾಡಿಗೆ ತಿರುಗಿ ನೋಡಿ, ಮೈಕಿನಲ್ಲೇ, ಬಹಳ ಪ್ರೀತಿಯಿಂದ ಹೇಳಿದರು: 'ಮಗು, ಈ ಹಾಡು ಮುಗಿಯೋವರೆಗೂ ನೀನು ನೀರು ಕುಡಿ.' ಸಭೆಯೆಲ್ಲ ನಕ್ಕಿತು. ನಾನು ನಿಜವಾಗಿಯೂ ನೀರು ಕುಡಿದೆ. ಆ ಹಾಡು ನಾನಿಲ್ಲದೆ ತುಂಬಾ ಚೆನ್ನಾಗಿತ್ತು.

ಇದರಲ್ಲಿ ಜೀವನ ಆಗುತ್ತಾ?

ಆಗುತ್ತದೆ, ಒಂದೇ ಬುಟ್ಟಿ ನಂಬಿಕೊಳ್ಳದಿದ್ದರೆ. ನನ್ನ ಮನೆ ನಡೆಯುವುದರಲ್ಲಿ ಪಾಠದ ಪಾಲೇ ದೊಡ್ಡದು. ವಾರಕ್ಕೆ ಎರಡು ದಿನ ಒಂದು ಶಾಲೆಯಲ್ಲಿ ಕಲಿಸುತ್ತೇನೆ, ಉಳಿದ ಸಂಜೆ ಮನೆಯಲ್ಲಿ. ಪ್ರೋಗ್ರಾಂ ಅನ್ನುವುದು ಮಳೆ ಇದ್ದ ಹಾಗೆ. ಗಣೇಶನಿಂದ ದಸರಾ, ರಾಜ್ಯೋತ್ಸವ, ಕ್ರಿಸ್‌ಮಸ್, ಹೊಸ ವರ್ಷದವರೆಗೆ ಚೆನ್ನಾಗಿ ಬರುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ನಮಗೂ ಏನಿಲ್ಲ. ನಾನು ಆಷಾಢಕ್ಕೆ ಅಂತಲೇ ದುಡ್ಡು ಎತ್ತಿಡುತ್ತೇನೆ. ಕೊರೊನಾದ ಎರಡು ವರ್ಷ ಪೂರ್ತಿ ಆಷಾಢ. ಆಗ ಪಾಠವೇ ಕಾಪಾಡಿದ್ದು, ಅದೂ ಫೋನಿನಲ್ಲಿ. ಮಕ್ಕಳು ದಿಂಬಿನ ಮೇಲೆ ಹೊಡೆಯುತ್ತಿದ್ದರು.

ಒಂದು ಮಾತು ಹೊಸಬರಿಗೆ. ಅರ್ಧ ದುಡ್ಡು ಮುಂಗಡ ಬಾರದೆ ಗಾಡಿಗೆ ಸೆಟ್ ಏರಿಸಬೇಡಿ. ಒಬ್ಬ ಕಾರ್ಯಕ್ರಮದ ಸಂಘಟಕರು 'ನಾಳೆ ಬೆಳಿಗ್ಗೆ ಕಳಿಸ್ತೀನಿ' ಅಂದಿದ್ದರು. ಆ ನಾಳೆ ಬಂದು ಆರು ವರ್ಷ ಆಯಿತು.

ಖರ್ಚನ್ನೂ ಲೆಕ್ಕ ಹಾಕಬೇಕು. ಬೆಂಗಳೂರಿಗೆ ಹೋಗಿ ಬರುವ ಗಾಡಿ, ಟೋಲು, ಮದ್ದೂರಿನ ವಡೆ. ಮೊದಲು ನಾನು ಸಿಂಬಲ್ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲೇ ಹೋಗುತ್ತಿದ್ದೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋದರೆ ಸೊಂಟ ಬೇರೆ ತಾಳ ಹಾಕುತ್ತದೆ. ಈಗ ರೈಲು. ಸೆಟ್ ಅಲ್ಲೇ ಇರುತ್ತದೆ, ಸಿಂಬಲ್ ಮತ್ತು ಸ್ನೇರ್ ಮಾತ್ರ ನಂದು.

ಎಷ್ಟನೇ ವಯಸ್ಸಿಗೆ ಸೇರಿಸಬಹುದು?

7 ಅಥವಾ 8. ಸ್ಟೂಲಿನ ಮೇಲೆ ಕೂತರೆ ಪಾದ ಪೆಡಲ್‌ಗೆ ಎಟುಕಬೇಕು, ಅಷ್ಟೇ. ದೊಡ್ಡವರಿಗೆ ಮಿತಿ ಇಲ್ಲ. ನನ್ನ ಹತ್ತಿರ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಕಲಿಯುತ್ತಾರೆ. ಮನೆಪಾಠ ತಪ್ಪದೆ ಮಾಡುವವರು ಅವರೊಬ್ಬರೇ.

ಸೇರಿದ ತಕ್ಷಣ ಡ್ರಮ್ ಸೆಟ್ ಕೊಳ್ಳಬೇಕಾ?

ಬೇಡ. ಮೊದಲ ಆರು ತಿಂಗಳಿಗೆ ಒಂದು ಜೊತೆ ಸ್ಟಿಕ್, ಒಂದು ರಬ್ಬರ್ ಪ್ರಾಕ್ಟೀಸ್ ಪ್ಯಾಡ್ ಸಾಕು. ಸ್ಟಿಕ್ 5ಎ ಅಳತೆಯದು ತೆಗೆದುಕೊಳ್ಳಿ. ಚಿಕ್ಕ ಕೈಗೆ 7ಎ, ಅದು ಸ್ವಲ್ಪ ತೆಳು. ಅಂಗಡಿಯಲ್ಲಿ ಎರಡು ಸ್ಟಿಕ್ಕನ್ನೂ ಟೇಬಲ್ ಮೇಲೆ ಉರುಳಿಸಿ ನೋಡಿ, ಡೊಂಕು ಇದ್ದರೆ ಕುಪ್ಪಳಿಸುತ್ತದೆ. ಎಣಿಕೆ ತಪ್ಪದಂತೆ ಟಕ್ ಟಕ್ ಅನ್ನುವ ಮೆಟ್ರೊನೋಮ್ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ.

ಆರು ತಿಂಗಳಾದ ಮೇಲೂ ಆಸೆ ಇದ್ದರೆ ಮಾತಾಡೋಣ. ಅಪಾರ್ಟ್‌ಮೆಂಟಿನವರಿಗೆ ಎಲೆಕ್ಟ್ರಾನಿಕ್ ಸೆಟ್, ಸ್ವಂತ ಮನೆಯವರಿಗೆ ಸೆಕೆಂಡ್ ಹ್ಯಾಂಡ್ ಅಕೌಸ್ಟಿಕ್ ಸೆಟ್. ಹಳೇ ಡ್ರಮ್ ಕೊಂಡರೆ ನಷ್ಟವಿಲ್ಲ, ಚರ್ಮ ಬದಲಿಸಿದರೆ ಹೊಸದೇ. ಚರ್ಮ ಅಂತ ಬಾಯಿಮಾತಿಗೆ ಹೇಳುವುದು, ಈಗ ಎಲ್ಲ ಪ್ಲಾಸ್ಟಿಕ್ಕೇ. ಸಿಂಬಲ್ ಮಾತ್ರ ಹುಷಾರು, ಬಿರುಕು ಬಿಟ್ಟಿದ್ದರೆ ಮುಟ್ಟಬೇಡಿ. ಜಾಝ್‌ಗೆ ಸಾಮಾನ್ಯವಾಗಿ 18 ಇಂಚಿನ ಬೇಸ್ ಡ್ರಮ್, ರಾಕ್‌ಗೆ 22. ಆಟೋದಲ್ಲಿ ಹಿಡಿಯುವುದು 18. ನಾನು ಜಾಝ್ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಪಕ್ಕದ ಮನೆಯವರು ಜಗಳಕ್ಕೆ ಬರಲ್ವಾ?

ಬರುತ್ತಾರೆ. ಅವರದೇನೂ ತಪ್ಪಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಅಂತ ಇದೆ. ಡ್ರಮ್ ಸೆಟ್ ಹತ್ತಿರ ಕೂತವರಿಗೆ ಸುಲಭವಾಗಿ 100 ದಾಟುತ್ತದೆ. ನಾನು ಮಾಡಿದ್ದು ಮೂರು ಕೆಲಸ. ಕೋಣೆಗೆ ದಪ್ಪ ಪರದೆ ಮತ್ತು ಹಳೇ ಹಾಸಿಗೆ. ಸಂಜೆ 7ರ ಮೇಲೆ ಅಕೌಸ್ಟಿಕ್ ಸೆಟ್ ಮುಟ್ಟುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಸೆಟ್ ಮನೆಗೆ ಬರುವ ಮೊದಲೇ ಪಕ್ಕದ ಮನೆಗೆ ಹೋಗಿ ಕಾಫಿ ಕುಡಿದು ಹೇಳಿದ್ದು. ಪಕ್ಕದ ಮನೆಯ ಅಜ್ಜಿ 'ಮಧ್ಯಾಹ್ನ ಎರಡರಿಂದ ನಾಲ್ಕು ಬೇಡಪ್ಪ' ಅಂದರು. ಆ ಹೊತ್ತಿನಲ್ಲಿ ಇವತ್ತಿಗೂ ಒಂದು ಪೆಟ್ಟು ಬಿದ್ದಿಲ್ಲ.

ಕಿವಿಗೆ ತೊಂದರೆ ಆಗುತ್ತಾ?

ಜೋಪಾನ ಮಾಡದಿದ್ದರೆ ಖಂಡಿತ ಆಗುತ್ತದೆ, ಹೋದ ಕಿವಿ ವಾಪಸ್ ಬರುವುದಿಲ್ಲ. 85 ಡೆಸಿಬಲ್ ಸದ್ದನ್ನು 8 ಗಂಟೆ ತಡೆಯಬಹುದು ಅಂತ ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದರೆ ಆ ಸಮಯ ಅರ್ಧ ಆಗುತ್ತದೆ. ಹಾಗೆ ಎಣಿಸಿದರೆ 100ಕ್ಕೆ 15 ನಿಮಿಷ. ನನ್ನ ಎಡಗಿವಿಯಲ್ಲಿ ರಾತ್ರಿ ಹೊತ್ತು ಜೀರುಂಡೆ ಕೂಗುತ್ತದೆ, ಪೆಂಡಾಲಿನ ಸ್ಪೀಕರ್ ಪಕ್ಕ ವರ್ಷಗಟ್ಟಲೆ ಕೂತದ್ದರ ಫಲ. ಅದಕ್ಕೆ ನನ್ನ ಕ್ಲಾಸಿನಲ್ಲಿ ಇಯರ್‌ಪ್ಲಗ್ ಇಲ್ಲದೆ ಸೆಟ್ ಮೇಲೆ ಕೂರಿಸುವುದಿಲ್ಲ. ಈ ವಿಷಯದಲ್ಲಿ ವಾದ ಬೇಡ.

ಪರೀಕ್ಷೆ, ಸರ್ಟಿಫಿಕೇಟ್ ಕೊಡಿಸ್ತೀರಾ?

ಬೇಕಿದ್ದವರಿಗೆ ಟ್ರಿನಿಟಿ ಕಾಲೇಜ್ ಲಂಡನ್ ಪರೀಕ್ಷೆಗೆ ತಯಾರು ಮಾಡುತ್ತೇನೆ. ಇನಿಷಿಯಲ್‌ನಿಂದ ಗ್ರೇಡ್ 8ರವರೆಗೆ ಇದೆ. ಓದಿ ನುಡಿಸುವ ಶಿಸ್ತು ಬರುತ್ತದೆ, ಅದು ಒಳ್ಳೆಯದು. ಆದರೆ ವರ್ಷವೆಲ್ಲ ಮೂರು ಪೀಸ್ ಉರು ಹೊಡೆದು ಡಿಸ್ಟಿಂಕ್ಷನ್ ತಂದ ಹುಡುಗನಿಗೆ, ಗಿಟಾರಿನವನ ಜೊತೆ ಕೂತು ಒಂದು ಸಾದಾ ಹಾಡು ನುಡಿಸಲು ಆಗದ್ದನ್ನು ಕಣ್ಣಾರೆ ನೋಡಿದ್ದೇನೆ. ಗ್ರೇಡ್ 3ಕ್ಕೆ ಮೊದಲು ಒಂದಾದರೂ ಬ್ಯಾಂಡ್‌ನಲ್ಲಿ ನುಡಿಸಿರಬೇಕು ಅನ್ನುವುದು ನನ್ನ ನಿಯಮ. ಪೋಷಕರಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತು.

ಯೂಟ್ಯೂಬ್ ನೋಡಿ ಕಲಿಯೋಕೆ ಆಗಲ್ವಾ?

ಬೀಟ್ ಕಲಿಯಬಹುದು. ನಿಮ್ಮ ಭುಜ ಬಿಗಿಯಾಗಿದೆ, ಉಸಿರು ಹಿಡಿದಿದ್ದೀರಿ ಅಂತ ಯೂಟ್ಯೂಬ್ ಹೇಳುವುದಿಲ್ಲ.

ಹೆಣ್ಣುಮಕ್ಕಳಿಗೆ ಇದು ಆಗುತ್ತಾ?

ಈ ಪ್ರಶ್ನೆ ಈಗಲೂ ಬರುತ್ತದೆ. ವಯೋಲಾ ಸ್ಮಿತ್ ಅನ್ನುವ ಅಮೆರಿಕದ ಡ್ರಮ್ಮರ್, ಹೆಣ್ಣು ವಾದ್ಯಗಾರರಿಗೂ ಬ್ಯಾಂಡುಗಳಲ್ಲಿ ಜಾಗ ಕೊಡಿ ಅಂತ 1942ರಲ್ಲೇ ಪತ್ರಿಕೆಯಲ್ಲಿ ಬರೆದಿದ್ದರು. ಅವರು 2020ರಲ್ಲಿ ತೀರಿಕೊಂಡಾಗ ವಯಸ್ಸು 107. ನನ್ನ ಕ್ಲಾಸಿನಲ್ಲಿ ಈಗ ಕೈ ಚೆನ್ನಾಗಿರುವ ಮೂವರಲ್ಲಿ ಇಬ್ಬರು ಹುಡುಗಿಯರು. ಮುಂದಿನ ಪ್ರಶ್ನೆ.

ರಿದಂ ಪ್ಯಾಡ್, ಟ್ರ್ಯಾಕ್ ಎಲ್ಲ ಬಂದ ಮೇಲೆ ಡ್ರಮ್ಮರ್ ಯಾಕೆ ಬೇಕು?

ಬೇಡ ಅಂದವರೇ ಜಾಸ್ತಿ. ನಮ್ಮ ಕಡೆಯ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಈಗ ಡ್ರಮ್ ಸೆಟ್ ಇಲ್ಲ. ಪ್ಯಾಡ್ ಒಂದರಲ್ಲೇ ಢೋಲಕ್, ತಬಲ, ತಮಟೆ, ಡ್ರಮ್ಸ್ ಎಲ್ಲ ಬರುತ್ತದೆ, ಗಾಡಿ ಖರ್ಚೂ ಉಳಿಯುತ್ತದೆ. ನಾನೂ ಪ್ಯಾಡ್ ನುಡಿಸುತ್ತೇನೆ, ಮಡಿವಂತಿಕೆ ಇಲ್ಲ. ಆದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕಿಗೆ ಹಾಡುಗಾರರು ಒಂದು ಸಾಲು ಮರೆತದ್ದು ಗೊತ್ತಾಗುವುದಿಲ್ಲ. ಅದು ಮುಂದೆ ಹೋಗಿಬಿಡುತ್ತದೆ. ನಾನು ಎರಡು ಬಾರು ಜಾಸ್ತಿ ತಿರುಗಿಸಿ ಅವರಿಗೆ ನೆನಪಾಗುವವರೆಗೆ ಕಾಯುತ್ತೇನೆ. ಸಭೆಗೆ ಗೊತ್ತೇ ಆಗುವುದಿಲ್ಲ. ಆ ಎರಡು ಬಾರಿಗೇ ನನಗೆ ಸಂಬಳ.

ಯಾರ ಜಾಝ್ ಕೇಳಬೇಕು? ಎಲ್ಲಿಂದ ಶುರು ಮಾಡಲಿ?

ಡ್ರಮ್ಮರ್‌ಗಳ ಹೆಸರನ್ನೇ ಹೇಳುತ್ತೇನೆ, ಹಳೆಯದರಿಂದ ಬನ್ನಿ. ಬೇಬಿ ಡಾಡ್ಸ್, ಚಿಕ್ ವೆಬ್. ಆಮೇಲೆ ಜೀನ್ ಕ್ರೂಪಾ, 1938ರ ಕಾರ್ನೆಗಿ ಹಾಲ್ ಕಛೇರಿಯಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಜೊತೆ. ಡ್ರಮ್ಮರ್ ಹಿಂದಿನ ಸಾಲಿನಿಂದ ಮುಂದೆ ಬಂದದ್ದು ಅಂಥವರಿಂದ. ಮ್ಯಾಕ್ಸ್ ರೋಚ್ ಡ್ರಮ್ಮಿನಲ್ಲಿ ಹಾಡು ನುಡಿಸುತ್ತಾರೆ. ಆರ್ಟ್ ಬ್ಲೇಕಿ ನುಡಿಸಿದರೆ ಮನೆ ಎದ್ದು ಕೂರುತ್ತದೆ. ಹೊಸ ಹುಡುಗರನ್ನು ತಂಡಕ್ಕೆ ಸೇರಿಸಿಕೊಂಡು ತಿದ್ದಿ ಬೆಳೆಸಿದವರೂ ಅವರೇ, ಅದಕ್ಕೆ ಮೇಷ್ಟ್ರಾಗಿ ನನಗೆ ಅವರ ಮೇಲೆ ಪ್ರೀತಿ. ಎಲ್ವಿನ್ ಜೋನ್ಸ್ ಕೇಳಿದರೆ ಮೂರರ ನಡೆ ಕಾವೇರಿಯ ಸುಳಿ ಹಾಗೆ ತಿರುಗುತ್ತದೆ. ಟೋನಿ ವಿಲಿಯಮ್ಸ್ 1963ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಸೇರಿದಾಗ ಅವರಿಗೆ 17 ವರ್ಷ. ಪಿಯುಸಿ ಮಕ್ಕಳಿಗೆ ನಾನು ಇದನ್ನು ಹೇಳುವುದಿಲ್ಲ, ಕಾಲೇಜು ಬಿಟ್ಟುಬಿಟ್ಟಾರು.

ಎಲ್ಲವನ್ನೂ ಒಂದೇ ದಿನ ಕೇಳಬೇಡಿ. ಒಂದು ಹಾಡು ನಾಲ್ಕು ಸಲ. ಒಂದು ಸಲ ಬೇಸ್ ಮಾತ್ರ, ಒಂದು ಸಲ ಪಿಯಾನೋ, ಒಂದು ಸಲ ಊದುವವರು. ಡ್ರಮ್ಸ್ ಕೊನೆಗೆ.

ಮೈಸೂರಿನಲ್ಲಿ ಎಲ್ಲಿ ಕೇಳಬಹುದು?

ಏಪ್ರಿಲ್ 30 ಅಂತಾರಾಷ್ಟ್ರೀಯ ಜಾಝ್ ದಿನ. ಅವತ್ತು ನಮ್ಮ ಮನೆಯ ಮಹಡಿ ಮೇಲೆ ಶಿಷ್ಯರು, ಸ್ನೇಹಿತರು ಸೇರಿ ನುಡಿಸುತ್ತೇವೆ. ಟಿಕೆಟ್ ಇಲ್ಲ, ಕೋಸಂಬರಿ ಪಾನಕ ಇರುತ್ತದೆ. ಪಕ್ಕದ ಮನೆಯ ಅಜ್ಜಿಗೆ ಮೊದಲ ಕುರ್ಚಿ. ಉಳಿದ ದಿನ ಬೆಂಗಳೂರಿಗೇ ಹೋಗಬೇಕು.

ಮೊದಲ ದಿನ ಏನು ತರಬೇಕು?

ಒಂದು ನೋಟ್ ಬುಕ್. ಸ್ಟಿಕ್ ಬೇಡ, ಮೊದಲ ಕ್ಲಾಸಿನಲ್ಲಿ ಯಾರೂ ಹೊಡೆಯುವುದಿಲ್ಲ. ಒಂದು ಹಾಡು ಹಾಕುತ್ತೇನೆ, 2 ಮತ್ತು 4ಕ್ಕೆ ಚಪ್ಪಾಳೆ ತಟ್ಟುತ್ತಾ ಕೋಣೆಯಲ್ಲಿ ನಡೆಯಬೇಕು. ಪೋಷಕರೂ ಕೂತಿದ್ದರೆ ಅವರೂ ನಡೆಯಬೇಕು. ಗೇಟಿನ ಹತ್ತಿರ ಹಾರ್ನ್ ಮಾಡಬೇಡಿ, ಎರಡರಿಂದ ನಾಲ್ಕರವರೆಗೆ ಅಂತೂ ಬೇಡವೇ ಬೇಡ.